ಬಾಡಿಗೆ ಫಲಕದ ಬರೆಯದ ಸಾಲು

ಸ್ನಾತಕೋತ್ತರ ತರಗತಿಗಳ ಪ್ರವೇಶ ಮುಗಿಯುವ ಹೊತ್ತಿಗೆ ಮೈಸೂರಿನ ಪಡುವಾರಹಳ್ಳಿ, ಸರಸ್ವತಿಪುರಂ, ಬೋಗಾದಿ, ಕುವೆಂಪುನಗರಗಳ ಗೇಟುಗಳಲ್ಲಿ ರಟ್ಟಿನ ಫಲಕಗಳು ತೂಗಾಡತೊಡಗುತ್ತವೆ. 'ಮನೆ ಬಾಡಿಗೆಗಿದೆ' ಎಂಬುದು ಮೊದಲ ಸಾಲು. ಅದರ ಕೆಳಗೆ ಕೆಲವೊಮ್ಮೆ 'ಕುಟುಂಬದವರಿಗೆ ಮಾತ್ರ', ಕೆಲವೊಮ್ಮೆ 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಎರಡನೆಯ ಸಾಲು ಇರುತ್ತದೆ. ಮೂರನೆಯ ಸಾಲೊಂದಿದೆ. ಅದನ್ನು ಯಾರೂ ಬರೆಯುವುದಿಲ್ಲ, ಗೇಟಿನ ಬಳಿ ನಿಂತು ಬಾಯಲ್ಲೇ ಕೇಳುತ್ತಾರೆ: "ನೀವು ಯಾವ ಜನ?" ಹೆಸರು ಹೇಳಿದೊಡನೆಯೇ ಉತ್ತರ ಸಿಕ್ಕಿಬಿಡುವವರಿಗೆ ಆ ಪ್ರಶ್ನೆಯೂ ಇಲ್ಲ. "ನಿನ್ನೆ ತಾನೇ ಬೇರೆಯವರಿಗೆ ಕೊಟ್ಟುಬಿಟ್ವಿ" ಎಂಬ ವಿನಯದ ಮಾತಷ್ಟೇ ಇರುತ್ತದೆ. ಫಲಕ ಮಾತ್ರ ಮರುದಿನವೂ ಅಲ್ಲೇ ತೂಗುತ್ತಿರುತ್ತದೆ.

ಕನ್ನಡದಲ್ಲಿ ನಾವು ಕವಿತೆ, ಕಾದಂಬರಿ, ಸಿನಿಮಾಗಳನ್ನು ವಿಮರ್ಶಿಸುತ್ತೇವೆ. ಒಂದು ನಗರ ತನ್ನ ಬಗ್ಗೆ ತಾನೇ ಬರೆದುಕೊಳ್ಳುವ ಇಂಥ ಪುಟ್ಟ ಪಠ್ಯಗಳನ್ನು ಓದುವುದಿಲ್ಲ. ಮೈಸೂರು 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶಕ್ಕೇ ಮೊದಲನೆಯದಾದ ಊರು, ನಿವೃತ್ತರ ಸ್ವರ್ಗವೆಂದು ಕರೆಸಿಕೊಂಡ ಊರು. ಇಂಥ ಊರಿಗೆ ಕೊಳ್ಳೇಗಾಲದಿಂದಲೋ ಹುಣಸೂರಿನಿಂದಲೋ ಎಂ.ಎ. ಓದಲು ಬರುವ ಹುಡುಗಿ ಅಥವಾ ಹುಡುಗ ಕೇಳುವುದು ಎರಡನ್ನೇ: ಬಡಾವಣೆ ಸುರಕ್ಷಿತವಾಗಿರಬೇಕು, ಬಾಡಿಗೆ ಕೈಗೆಟುಕಬೇಕು. ಈ ಎರಡು ಪದಗಳು ಒಂದರ ಪಕ್ಕದಲ್ಲೊಂದು ಸುಮ್ಮನೆ ಕೂರುವುದಿಲ್ಲ ಎಂಬುದೇ ನಮ್ಮ ಚರ್ಚೆಯ ವಿಷಯ.

ಮೊದಲು ಭೂಗೋಳವನ್ನು ನೋಡೋಣ. ಮಾನಸಗಂಗೋತ್ರಿ ಇರುವುದು ನಗರದ ಪಶ್ಚಿಮಕ್ಕೆ, ಕುಕ್ಕರಹಳ್ಳಿ ಕೆರೆಯ ಮಗ್ಗುಲಲ್ಲಿ. ಅದರ ಸುತ್ತ ಜಯಲಕ್ಷ್ಮೀಪುರಂ, ಸರಸ್ವತಿಪುರಂಗಳಂಥ ಯೋಜಿತ ಬಡಾವಣೆಗಳಿವೆ. ನಡುವೆ ಪಡುವಾರಹಳ್ಳಿಯಂಥ ಹಳೆಯ ಊರು ನಗರದೊಳಗೆ ಸೇರಿಹೋಗಿ, ಚಿಕ್ಕ ಕೋಣೆಗಳಲ್ಲಿ ವಿದ್ಯಾರ್ಥಿಗಳನ್ನು ಇಟ್ಟುಕೊಂಡು ಬಂದಿದೆ. ಮುಸ್ಲಿಮರು ಹೆಚ್ಚಾಗಿರುವ ಉದಯಗಿರಿ, ರಾಜೀವನಗರ, ಶಾಂತಿನಗರ, ಗೌಸಿಯಾನಗರಗಳು ನಗರದ ಪೂರ್ವ ಭಾಗದಲ್ಲಿವೆ. ಅಂದರೆ ಗಂಗೋತ್ರಿಯ ಹತ್ತಿರ ಕೋಣೆ ಸಿಗದ ಮುಸ್ಲಿಂ ವಿದ್ಯಾರ್ಥಿ 'ನಮ್ಮವರ' ಬಡಾವಣೆಗೆ ಹೋದರೆ ಇಡೀ ನಗರವನ್ನು ದಿನಕ್ಕೆರಡು ಬಾರಿ ದಾಟಬೇಕು. ಬಾಡಿಗೆಯಲ್ಲಿ ಉಳಿದದ್ದನ್ನು ಹೊತ್ತಿನಲ್ಲಿ ತೆರಬೇಕು. ಗ್ರಂಥಾಲಯದಲ್ಲಿ ಕೂರಬೇಕಾದ ಸಂಜೆ ಬಸ್ ನಿಲ್ದಾಣದಲ್ಲಿ ಕಳೆಯುತ್ತದೆ.

ಈ ನಗರ ಹೀಗೆ ಹಂಚಿಕೊಂಡದ್ದಕ್ಕೆ ಒಂದು ಚರಿತ್ರೆಯಿದೆ. ಹಳೆಯ ಮೈಸೂರಿನ ಭಾಗಗಳ ಹೆಸರುಗಳನ್ನೇ ನೋಡಿ: ಕೃಷ್ಣರಾಜ ಮೊಹಲ್ಲಾ, ಚಾಮರಾಜ ಮೊಹಲ್ಲಾ, ದೇವರಾಜ ಮೊಹಲ್ಲಾ, ಲಷ್ಕರ್ ಮೊಹಲ್ಲಾ, ಮಂಡಿ ಮೊಹಲ್ಲಾ. ಅರಸರ ಹೆಸರಿಗೆ ಅರಬಿ ಮೂಲದ ಪದ ಅಂಟಿಕೊಂಡು ನೂರಾರು ವರ್ಷ ಯಾರಿಗೂ ಕಿರಿಕಿರಿಯಾಗಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಪ್ಲೇಗ್ ಈ ಇಕ್ಕಟ್ಟಿನ ಊರನ್ನು ಬೆದರಿಸಿತು. 1903ರಲ್ಲಿ ನಗರ ಸುಧಾರಣಾ ಮಂಡಳಿ ಸ್ಥಾಪನೆಯಾಗಿ ಗಾಳಿ ಬೆಳಕಿನ ಹೊಸ ಬಡಾವಣೆಗಳು ಎದ್ದವು. ಉದ್ದೇಶ ಆರೋಗ್ಯದ್ದು. ಆದರೆ ನಿವೇಶನ ಕೊಳ್ಳಬಲ್ಲವರು ಹೊಸ ಬಡಾವಣೆಗೆ ಹೋದರು, ಕೊಳ್ಳಲಾಗದವರು ಹಳೆಯ ಗಲ್ಲಿಗಳಲ್ಲೇ ಉಳಿದರು. 1988ರಲ್ಲಿ ಮುಡಾ ಬಂದ ಮೇಲೂ ನಿವೇಶನ ಹಂಚಿಕೆಯೇ ನಗರಾಭಿವೃದ್ಧಿ ಎಂಬ ತಿಳಿವಳಿಕೆ ಮುಂದುವರಿಯಿತು. ಬಾಡಿಗೆಗಿರುವವನು, ಅದರಲ್ಲೂ ಎರಡು ವರ್ಷಕ್ಕೆಂದು ಬಂದುಹೋಗುವ ವಿದ್ಯಾರ್ಥಿ, ಯಾವ ಯೋಜನಾ ನಕ್ಷೆಯಲ್ಲೂ ಕಾಣಿಸಿಕೊಳ್ಳಲಿಲ್ಲ.

ನಮ್ಮ ಸಾಹಿತ್ಯ ಅವನನ್ನು ಕಂಡಿತೇ? ಆರ್.ಕೆ. ನಾರಾಯಣ್ ಮೈಸೂರಿನಲ್ಲಿದ್ದುಕೊಂಡೇ ಮಾಲ್ಗುಡಿಯನ್ನು ಕಟ್ಟಿದರು. ಅವರ 'ದಿ ಮ್ಯಾನ್ ಈಟರ್ ಆಫ್ ಮಾಲ್ಗುಡಿ'ಯಲ್ಲಿ ಮುದ್ರಣಾಲಯದ ನಟರಾಜನ ಅಟ್ಟವನ್ನು ವಾಸು ಎಂಬ ದಾಂಡಿಗ ಆಕ್ರಮಿಸಿಕೊಳ್ಳುತ್ತಾನೆ, ಬಾಡಿಗೆ ಕೊಡದೆ ಮಾಲೀಕನ ಮೇಲೆಯೇ ಬಾಡಿಗೆ ನಿಯಂತ್ರಣಾಧಿಕಾರಿಗೆ ದೂರು ಕೊಡುತ್ತಾನೆ. ಓದುಗರ ಅನುಕಂಪವೆಲ್ಲ ಮನೆಯ ಮಾಲೀಕನ ಕಡೆಗೆ ಹರಿಯುತ್ತದೆ. ಬಾಡಿಗೆದಾರನೆಂದರೆ ಭಯ ಎಂಬ ಮಧ್ಯಮವರ್ಗದ ಮನಸ್ಸನ್ನು ಈ ಕಾದಂಬರಿ ಚೆನ್ನಾಗಿಯೇ ಹಿಡಿದಿದೆ. ಗೇಟಿನ ಹೊರಗೆ ನಿಂತವನ ಭಯ ಮಾತ್ರ ಅಲ್ಲಿಲ್ಲ. ಕೆ.ಎಸ್. ನರಸಿಂಹಸ್ವಾಮಿಯವರು 'ಮನೆಯಿಂದ ಮನೆಗೆ' ಎಂದು ಒಂದು ಸಂಕಲನಕ್ಕೇ ಹೆಸರಿಟ್ಟರು. ಬಾಡಿಗೆ ಮನೆಯನ್ನು ಕಾವ್ಯದೊಳಗೆ ಕರೆತಂದ ಅವರ ಲೋಕದಲ್ಲೂ ಮನೆ ಬದಲಿಸುವ ಸಂಕಟವಿದೆ, ಹೆಸರಿನ ಕಾರಣಕ್ಕೆ ಮನೆ ಸಿಗದ ಸಂಕಟವಿಲ್ಲ. ಇದು ಆ ಲೇಖಕರ ಮೇಲಿನ ಆರೋಪವಲ್ಲ. ಬಾಗಿಲು ತೆರೆದೇ ಇರುವವರಿಗೆ ಬಾಗಿಲು ಕಣ್ಣಿಗೆ ಬೀಳುವುದಿಲ್ಲ.

ಆದರೆ ಮೈಸೂರಿನ ವಿದ್ಯಾಭ್ಯಾಸದ ಚರಿತ್ರೆಯಲ್ಲಿ ಇನ್ನೊಂದು ಎಳೆಯಿದೆ. ಬಡ ಹುಡುಗರು ವಾರಾನ್ನ ಉಂಡು ಓದಿದ ಊರು ಇದು. ಕಾಯಿಲೆಯಿಂದ ನರಳುತ್ತಿದ್ದ ವಿದ್ಯಾರ್ಥಿ ಪುಟ್ಟಪ್ಪನವರನ್ನು ಸ್ವಾಮಿ ಸಿದ್ಧೇಶ್ವರಾನಂದರು ರಾಮಕೃಷ್ಣಾಶ್ರಮಕ್ಕೆ ಕರೆದೊಯ್ದು ಇಟ್ಟುಕೊಂಡರು. ಆ ವಿದ್ಯಾರ್ಥಿಯೇ ಮುಂದೆ ಕುಲಪತಿಯಾಗಿ 1960ರಲ್ಲಿ ಮಾನಸಗಂಗೋತ್ರಿಯನ್ನು ಕಟ್ಟಿದರು. ಸುತ್ತೂರಿನ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯ ತೆರೆದದ್ದು ಇಂದಿನ ದೊಡ್ಡ ಶಿಕ್ಷಣ ಸಂಸ್ಥೆಗೆ ಬುನಾದಿಯಾಯಿತು. ತಂಗಲು ಒಂದು ಜಾಗ ಸಿಕ್ಕಿದ್ದರಿಂದಲೇ ಎಷ್ಟೋ ಮಂದಿಗೆ ವಿದ್ಯೆ ಸಿಕ್ಕಿತು. ಹೀಗಿರುವಾಗ ಕೋಣೆಯ ಪ್ರಶ್ನೆಯನ್ನು ಖಾಸಗಿ ವ್ಯವಹಾರವೆಂದು ತಳ್ಳಿಹಾಕುವುದು ಹೇಗೆ?

ಕಾನೂನು ಹಾಗೆಯೇ ತಳ್ಳಿಹಾಕುತ್ತದೆ. ಸಂವಿಧಾನದ 15(2)ನೆಯ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳಲ್ಲಿ ಧರ್ಮ, ಜಾತಿಗಳ ಆಧಾರದ ಮೇಲೆ ತಡೆಯಬಾರದೆನ್ನುತ್ತದೆ. ಬಾಡಿಗೆ ಮನೆ ಆ ಪಟ್ಟಿಯಲ್ಲಿಲ್ಲ. ಅಹಮದಾಬಾದಿನ ಪಾರ್ಸಿ ವಸತಿ ಸಹಕಾರ ಸಂಘವೊಂದು ತನ್ನವರಿಗೆ ಮಾತ್ರ ಸದಸ್ಯತ್ವ ಕೊಡಬಹುದೆಂದು ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿತು. ಮರುವರ್ಷವೇ ಬಂದ ಸಾಚಾರ್ ವರದಿ, ಮುಸ್ಲಿಮರಿಗೆ ಬಾಡಿಗೆಗೂ ಕೊಳ್ಳುವುದಕ್ಕೂ ಮನೆ ಸಿಗುವುದು ಕಷ್ಟವಾಗಿ ಅವರು ಒಂದೇ ಕಡೆ ಗುಂಪುಗೂಡುತ್ತಿರುವುದನ್ನು ದಾಖಲಿಸಿತು. ಸುಖದೇವ್ ಥೋರಟ್ ಮತ್ತು ಸಂಗಡಿಗರು ದೆಹಲಿ ಸುತ್ತಮುತ್ತ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಲಿತ ಮತ್ತು ಮುಸ್ಲಿಂ ಹೆಸರುಗಳಿಗೆ ನಿರಾಕರಣೆ ಫೋನಿನಲ್ಲೇ ಶುರುವಾಗುತ್ತಿತ್ತು. ಅಮೆರಿಕ ಮತ್ತು ಬ್ರಿಟನ್ 1968ರಲ್ಲೇ ವಸತಿಯಲ್ಲಿ ಜನಾಂಗ ಭೇದ ಮಾಡುವುದನ್ನು ಕಾನೂನುಬಾಹಿರಗೊಳಿಸಿದವು. ಅಲ್ಲಿ ಭೇದ ಮಾಯವಾಯಿತೆಂದು ಹೇಳುವಂತಿಲ್ಲ. ಆದರೆ ನಿರಾಕರಿಸಲ್ಪಟ್ಟವನು ಹೋಗಿ ತಟ್ಟಲು ಒಂದು ಬಾಗಿಲಾದರೂ ಇದೆ.

ಮಾಲೀಕರ ಕಡೆಯಿಂದ ಒಂದು ಸಮಜಾಯಿಷಿ ಬರುತ್ತದೆ: ಆಹಾರ ಬೇರೆ, ಸಂಸ್ಕೃತಿ ಬೇರೆ, ಹೊಂದಾಣಿಕೆ ಕಷ್ಟ. ಇದಕ್ಕೆ ಮೈಸೂರಿನಲ್ಲೇ ಉತ್ತರವಿದೆ. ಪಟ್ಟಾಭಿ ಜೋಯಿಸರ ಯೋಗಶಾಲೆ 2002ರಲ್ಲಿ ಲಕ್ಷ್ಮೀಪುರಂನಿಂದ ಗೋಕುಲಂಗೆ ಬಂದ ಮೇಲೆ ದೇಶ, ಧರ್ಮ, ಊಟ, ಉಡುಪು ಎಲ್ಲವೂ ಬೇರೆಯಾದ ವಿದೇಶಿ ಕಲಿಕೆಗಾರರಿಗೆ ಅಲ್ಲಿನ ಮನೆಗಳು ಬಾಗಿಲು ತೆರೆದವು. ಒಂಟಿ ಗಂಡು, ಒಂಟಿ ಹೆಣ್ಣು ಎಂಬ ತಕರಾರು ಅಡ್ಡಿಯಾಗಲಿಲ್ಲ. ಸಂಸ್ಕೃತಿಯ ದೂರವನ್ನು ಬಾಡಿಗೆಯ ಮೊತ್ತ ದಾಟಿಸಬಲ್ಲದಾದರೆ, ತಕರಾರು ಸಂಸ್ಕೃತಿಯದ್ದಲ್ಲ ಎಂದಾಯಿತು.

ಇನ್ನು 'ಸುರಕ್ಷತೆ' ಎಂಬ ಪದ. 2021ರ ಆಗಸ್ಟ್‌ನಲ್ಲಿ ಚಾಮುಂಡಿಬೆಟ್ಟದ ತಪ್ಪಲಿನಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಕೆಲವೇ ದಿನಗಳಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸುತ್ತೋಲೆ ಹೊರಡಿಸಿ, ಸಂಜೆ 6.30ರ ನಂತರ ಮಾನಸಗಂಗೋತ್ರಿಯಲ್ಲಿ ವಿದ್ಯಾರ್ಥಿನಿಯರು ಒಂಟಿಯಾಗಿ ಓಡಾಡಬಾರದೆಂದಿತು. ಟೀಕೆ ಬಂದಾಗ ಅದನ್ನು ಹಿಂದೆಗೆದುಕೊಂಡಿತು. ಆ ಸುತ್ತೋಲೆಯೂ ಬಾಡಿಗೆ ಫಲಕವೂ ಒಂದೇ ವ್ಯಾಕರಣದಲ್ಲಿ ಬರೆದವು. ಅಪಾಯ ಮಾಡುವವನನ್ನು ತಡೆಯುವುದಕ್ಕಿಂತ ಅಪಾಯಕ್ಕೆ ಒಳಗಾಗುವವಳನ್ನು ಒಳಗಿಡುವುದು ಸುಲಭ. ಸಂಜೆ ಏಳಕ್ಕೆ ಗೇಟು ಹಾಕುವ ಪಿ.ಜಿ.ಯನ್ನು ಪೋಷಕರು 'ಸೇಫ್' ಎಂದು ಮೆಚ್ಚುತ್ತಾರೆ. ಪ್ರಯೋಗಾಲಯದಲ್ಲಿ ಎಂಟರವರೆಗೆ ಕೆಲಸವಿರುವ ಸಂಶೋಧನಾ ವಿದ್ಯಾರ್ಥಿನಿಗೆ ಅದೇ ಗೇಟು ಅಪಾಯ, ಏಕೆಂದರೆ ತಡವಾದರೆ ಅವಳು ಬೀದಿಯಲ್ಲಿ ನಿಲ್ಲಬೇಕು.

ಜೇನ್ ಜೇಕಬ್ಸ್ 1961ರ ತಮ್ಮ ಪುಸ್ತಕದಲ್ಲಿ ಅಮೆರಿಕದ ನಗರಗಳ ಬಗ್ಗೆ ಒಂದು ಸರಳ ಮಾತು ಹೇಳಿದರು: ಬೀದಿಯನ್ನು ಕಾಯುವುದು ಮುಖ್ಯವಾಗಿ ಅಲ್ಲಿನ ಅಂಗಡಿಯವರು, ಓಡಾಡುವವರು, ಕಿಟಕಿಯಲ್ಲಿ ನಿಂತವರ ಕಣ್ಣುಗಳು. ಈ ಅಳತೆಗೋಲಿನಲ್ಲಿ ನೋಡಿದರೆ ರಾತ್ರಿ ಹತ್ತರವರೆಗೆ ಚಹಾ ಅಂಗಡಿ, ಔಷಧಿ ಅಂಗಡಿ ತೆರೆದಿರುವ ಮಂಡಿ ಮೊಹಲ್ಲಾದ ಬೀದಿಗೂ, ದೊಡ್ಡ ಕಾಂಪೌಂಡುಗಳ ನಡುವೆ ಎಂಟಕ್ಕೇ ನಿಶ್ಶಬ್ದವಾಗುವ ಬಡಾವಣೆಯ ರಸ್ತೆಗೂ ನಾವು ಕೊಡುವ ಅಂಕಗಳನ್ನು ಮತ್ತೊಮ್ಮೆ ಎಣಿಸಬೇಕಾಗುತ್ತದೆ.

"ಆ ಕಡೆ ಸರಿಯಿಲ್ಲ" ಎಂಬ ಮಾತಿಗೆ ಕಾರಣಗಳೇ ಇಲ್ಲವೆಂದು ನಾವು ಹೇಳುವುದಿಲ್ಲ. 2009ರ ಜುಲೈನಲ್ಲಿ ಕ್ಯಾತಮಾರನಹಳ್ಳಿ, ಉದಯಗಿರಿ ಸುತ್ತ ಕೋಮುಗಲಭೆ ನಡೆದು ಜೀವಹಾನಿಯಾಯಿತು. 2025ರ ಫೆಬ್ರವರಿ 10ರ ರಾತ್ರಿ, ಅವಹೇಳನಕಾರಿ ಪೋಸ್ಟ್ ಒಂದರ ವಿರುದ್ಧ ಸೇರಿದ ಗುಂಪಿನಿಂದ ಉದಯಗಿರಿ ಪೊಲೀಸ್ ಠಾಣೆಗೆ ಕಲ್ಲು ಬಿತ್ತು. ಕಲ್ಲೆಸೆದವರನ್ನು ಸಮರ್ಥಿಸಲು ಯಾವ ನೆಪವೂ ಇಲ್ಲ. ಆದರೆ ಒಂದು ರಾತ್ರಿಯ ಗುಂಪಿನ ಕೃತ್ಯ ಇಡೀ ಬಡಾವಣೆಯ ವಿಳಾಸವಾಗಿಬಿಡುತ್ತದೆ. ಚಾಮುಂಡಿ ತಪ್ಪಲಿನ ಘಟನೆಯಿಂದ ಯಾರೂ ಆ ಭಾಗದ ನಿವಾಸಿಗಳನ್ನು ಅನುಮಾನಿಸಲಿಲ್ಲ, ಅದು ಸರಿಯೇ. ಆ ನ್ಯಾಯ ಉದಯಗಿರಿಗೂ ಸಲ್ಲಬೇಕು. ಕಲ್ಲಿನ ಬೆಲೆಯನ್ನು ತೆರುವವನು, ಮುಂದಿನ ಜೂನ್‌ನಲ್ಲಿ ಕೋಣೆ ಕೇಳಿಕೊಂಡು ಬರುವ ಆ ಬಡಾವಣೆಯ ವಿದ್ಯಾರ್ಥಿ.

ನಮ್ಮ ಮನೆಯೊಳಗನ್ನೂ ನೋಡಿಕೊಳ್ಳಬೇಕು. ಮುಸ್ಲಿಂ ಮಾಲೀಕರ ಗೇಟಿನಲ್ಲೂ ಒಂಟಿ ಹುಡುಗರಿಗೆ, ಬೇರೆಯವರಿಗೆ ಇಲ್ಲವೆನ್ನುವುದುಂಟು. ಹೆಣ್ಣುಮಕ್ಕಳ ವಿಷಯದಲ್ಲಂತೂ 'ನಮ್ಮ ಮೊಹಲ್ಲಾ ಬಿಟ್ಟು ಹೋಗಬೇಡ' ಎಂಬ ಕಾಳಜಿಯೇ ಎಂ.ಎಸ್ಸಿ. ಸೀಟು ಬಿಡುವುದಕ್ಕೆ ಕಾರಣವಾಗುತ್ತದೆ. ನೆರೆಯವರ ಹಕ್ಕಿನ ಬಗ್ಗೆ ಜುಮಾ ಖುತ್ಬಾಗಳಲ್ಲಿ ಕೇಳುತ್ತೇವೆ. ನೆರೆಯವನು ಯಾವ ಜನ ಎಂದು ಆ ಹಕ್ಕು ಕೇಳುವುದಿಲ್ಲ. ಫಾರೂಖಿಯಾದಂಥ ವಿದ್ಯಾಸಂಸ್ಥೆಗಳನ್ನು ಕಟ್ಟಿದ ಸಮುದಾಯಕ್ಕೆ ಶಕ್ತಿಯಿಲ್ಲವೆಂದಲ್ಲ. ಶಾದಿ ಮಹಲ್‌ಗಳಿಗೆ ಸುರಿದ ಹಣದಲ್ಲಿ ಒಂದು ಪಾಲು ಗಂಗೋತ್ರಿಯ ನಡಿಗೆಯಳತೆಯಲ್ಲಿ ವಿದ್ಯಾರ್ಥಿನಿಲಯವಾಗಿದ್ದರೆ, ಅದೂ ಎಲ್ಲ ಧರ್ಮದವರಿಗೆ ತೆರೆದಿದ್ದರೆ, ಅದೊಂದು ಉತ್ತರವಾಗುತ್ತಿತ್ತು. ಝಕಾತ್‌ಗೆ ಅರ್ಹರಾದ ಎಂಟು ವರ್ಗಗಳಲ್ಲಿ ಊರುಬಿಟ್ಟು ಬಂದ ಪ್ರಯಾಣಿಕನೂ ಒಬ್ಬ ಎಂಬುದನ್ನು ನಮ್ಮ ಜಮಾಅತ್‌ಗಳು ನೆನೆಯಬೇಕು.

ಹಣದ ಲೆಕ್ಕವೂ ಸಣ್ಣದಲ್ಲ. ನಮ್ಮಲ್ಲಿ ಹಲವು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ಮೊದಲೇ ಕೇಳುವ ರೂಢಿಯಿದೆ. ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೂಡದೆನ್ನುತ್ತದೆ. ಆದರೆ ಅದು ಮಾದರಿ ಮಾತ್ರ, ರಾಜ್ಯ ಕಾನೂನು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಸ್ಟೆಲ್ ಸಿಗದವರಿಗೆಂದು ವಿದ್ಯಾಸಿರಿ ಯೋಜನೆ ಬಂದಾಗ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಗೊತ್ತುಮಾಡಿತು. ಅದು ಊಟಕ್ಕೋ ಬಾಡಿಗೆಗೋ ಎಂದು ಹುಡುಗರೇ ಆರಿಸಿಕೊಳ್ಳಬೇಕು. ಅಲ್ಪಸಂಖ್ಯಾತ ಸಂಶೋಧಕರ ಮೌಲಾನಾ ಆಝಾದ್ ಫೆಲೋಶಿಪ್ಪನ್ನು ಕೇಂದ್ರ ಸರಕಾರ 2022ರಲ್ಲಿ ನಿಲ್ಲಿಸಿತು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆ ಮಾತ್ರ ಹೆಣ್ಣುಮಕ್ಕಳ ಭೂಪಟವನ್ನು ಕೊಂಚ ಹಿಗ್ಗಿಸಿದೆ. ದೂರದ ಕೋಣೆಗೆ ಈಗ ಬಸ್ಸಿನ ಖರ್ಚಿಲ್ಲ.

ಹಾಗಾದರೆ ಈ ವರ್ಷ ಬರುವವರು ಏನು ಮಾಡಬೇಕು? ಬಡಾವಣೆಯ ಹೆಸರನ್ನಲ್ಲ, ಬೀದಿಯನ್ನು ನೋಡಿ ಎಂಬುದು ನಮ್ಮ ಸಲಹೆ. ಹಗಲಲ್ಲಿ ಒಮ್ಮೆ, ರಾತ್ರಿ ಎಂಟರ ಮೇಲೆ ಒಮ್ಮೆ ಹೋಗಿ. ನಿಲ್ದಾಣದಿಂದ ಕೋಣೆಯವರೆಗೆ ದೀಪಗಳಿವೆಯೇ, ಅಂಗಡಿ ತೆರೆದಿದೆಯೇ, ಕೊನೆಯ ಬಸ್ ಎಷ್ಟಕ್ಕೆ, ನೀರು ಎಷ್ಟು ದಿನಕ್ಕೊಮ್ಮೆ ಎಂದು ಅಲ್ಲಿರುವ ವಿದ್ಯಾರ್ಥಿಗಳನ್ನೇ ಕೇಳಿ. ಅಡ್ವಾನ್ಸ್ ಕೊಟ್ಟರೆ ಬರವಣಿಗೆಯಲ್ಲಿ ರಸೀದಿ ಪಡೆಯಿರಿ. ಒಂದು ವರ್ಷಕ್ಕಿಂತ ಕಡಿಮೆ ಅವಧಿಯ ಕರಾರಿಗೆ ನೋಂದಣಿ ಕಡ್ಡಾಯವಲ್ಲವೆಂದೇ ಹನ್ನೊಂದು ತಿಂಗಳ ಪತ್ರ ಮಾಡುತ್ತಾರೆ. ಅದರಲ್ಲಿ ಅಡ್ವಾನ್ಸ್ ಮರಳಿಸುವ ದಿನವನ್ನೂ, ಬಿಡಿಸುವ ಮುನ್ನ ಕೊಡಬೇಕಾದ ನೋಟಿಸಿನ ಅವಧಿಯನ್ನೂ ಬರೆಸಿ.

ಆದರೆ ಎಲ್ಲ ಹೊರೆಯನ್ನೂ ಇಪ್ಪತ್ತೊಂದರ ಪ್ರಾಯದವರ ಹೆಗಲಿಗೆ ಹೊರಿಸುವುದು ನ್ಯಾಯವಲ್ಲ. ವಿಶ್ವವಿದ್ಯಾನಿಲಯ ತಾನೇ ಕೋಣೆಗಳ ಒಂದು ನೋಂದಣಿ ಪುಸ್ತಕ ಇಡಬಹುದು. ಯಾವ ಜನ ಎಂದು ಕೇಳದೆ ಕೊಡುವೆನೆಂದು ಒಪ್ಪುವ ಮಾಲೀಕರನ್ನು ಮಾತ್ರ ಅದರಲ್ಲಿ ಸೇರಿಸಿ, ಬಾಡಿಗೆ ಬಾಕಿಯಾಗದಂತೆ ಮಾಲೀಕರಿಗೂ ತಾನು ನಡುವೆ ನಿಲ್ಲಬಹುದು. ಇದಕ್ಕೆ ಹೊಸ ಕಟ್ಟಡವಾಗಲಿ ದೊಡ್ಡ ಅನುದಾನವಾಗಲಿ ಬೇಡ, ಒಬ್ಬ ಗುಮಾಸ್ತ ಮತ್ತು ಒಂದು ತೀರ್ಮಾನ ಸಾಕು. ಈ ಬರಹ ಓದುವವರಲ್ಲಿ ಮೈಸೂರಿನ ಮನೆಮಾಲೀಕರೂ ಇದ್ದಾರೆ, ಹಿಂದೂಗಳೂ ಮುಸ್ಲಿಮರೂ. ಅವರಲ್ಲಿ ನಮ್ಮ ಕೋರಿಕೆ ಇಷ್ಟೇ: ಮುಂದಿನ ಸಲ ಯಾರಾದರೂ ಗೇಟಿನ ಬಳಿ ಬಂದು ನಿಂತಾಗ, ಏನು ಓದುತ್ತಿದ್ದೀಯಪ್ಪಾ, ಏನು ಓದುತ್ತಿದ್ದೀಯಮ್ಮಾ ಎಂದು ಮೊದಲು ಕೇಳಿ.