ಯಾಶಿಕಾಗೆ ಎಣ್ಣೆ ಬಿಡಬೇಡಿ

ತೀರ್ಥಹಳ್ಳಿ ಕಡೆಯ ಮನೆಯೊಂದರಿಂದ ಹೋದ ತಿಂಗಳು ಒಂದು ಯಾಶಿಕಾ ಮ್ಯಾಟ್ 124ಜಿ ನನ್ನ ಮೇಜಿಗೆ ಬಂತು. ತಂದುಕೊಟ್ಟ ಹುಡುಗಿ ಹೇಳಿದ್ದು ಇಷ್ಟೇ: "ಅಜ್ಜನ ಸ್ಟುಡಿಯೋದ್ದು ಸಾರ್. ಬಟನ್ ಒತ್ತಿದ್ರೆ ಕಣ್ಣು ಬಿಡತ್ತೆ, ಮುಚ್ಚಲ್ಲ." ಅದು ಪೂರ್ತಿ ರೋಗಲಕ್ಷಣ. ಆಮೇಲೆ ನನಗೆ ಕೇಳಲು ಹೆಚ್ಚೇನೂ ಉಳಿಯಲಿಲ್ಲ.

ನಮ್ಮ ತಾಲ್ಲೂಕು ಪಟ್ಟಣಗಳ ಸ್ಟುಡಿಯೋಗಳಲ್ಲಿ ಎಪ್ಪತ್ತು, ಎಂಬತ್ತರ ದಶಕದಲ್ಲಿ ಮದುವೆ ಫೋಟೋ ಅಂದರೆ ಯಾಶಿಕಾ. ಜರ್ಮನಿಯ ರೋಲಿಫ್ಲೆಕ್ಸ್ ಕೈಗೆಟುಕದವರಿಗೆ ಜಪಾನಿನ ಈ ಡಬ್ಬಿ ಎಟುಕಿತು. 1970ರಲ್ಲಿ ಬಂದ 124ಜಿ, 1986ರವರೆಗೂ ತಯಾರಾಯಿತು. ಮೇಲಿನ ಲೆನ್ಸ್ ನೋಡುವುದಕ್ಕೆ, ಕೆಳಗಿನ 80 ಮಿ.ಮೀ. ಲೆನ್ಸ್ ಚಿತ್ರ ಹಿಡಿಯುವುದಕ್ಕೆ. 120 ರೀಲಿನಲ್ಲಿ 6x6 ಸೆಂ.ಮೀ.ನ ಹನ್ನೆರಡು ಚೌಕ ಚಿತ್ರ, ಅಷ್ಟೇ. ಫೋಟೋಗ್ರಾಫರ್ ಹೊಟ್ಟೆಯ ಹತ್ತಿರ ಕ್ಯಾಮೆರಾ ಹಿಡಿದು, ತಲೆ ಬಗ್ಗಿಸಿ, ಗಾಜಿನ ಮೇಲೆ ಎಡ ಬಲ ತಿರುಗಿ ಕಾಣುವ ಮದುಮಕ್ಕಳನ್ನು ನೋಡುತ್ತಿದ್ದ ಭಂಗಿ ನಮ್ಮ ಪೀಳಿಗೆಯವರಿಗೆ ಇನ್ನೂ ನೆನಪಿದೆ.

ಹಳೆಯ ಕ್ಯಾಮೆರಾ ಕೈಗೆ ಬಂದಾಗ ನಾನು ಮೊದಲು ಸ್ಕ್ರೂ ಡ್ರೈವರ್ ಹಿಡಿಯುವುದಿಲ್ಲ. ಕಿವಿಗೊಡುತ್ತೇನೆ. ವೇಗದ ಗುರುತನ್ನು 1 ಸೆಕೆಂಡಿಗೆ ಇಟ್ಟು, ಪಕ್ಕದ ಹಿಡಿ ತಿರುಗಿಸಿ, ಬಟನ್ ಒತ್ತಿದರೆ ಒಳಗಿಂದ "ಝರ್ರ್" ಎಂಬ ಸದ್ದು ಒಂದೇ ಸಮ ಬಂದು "ಟಕ್" ಎಂದು ಮುಗಿಯಬೇಕು. ಈ ಕ್ಯಾಮೆರಾದಲ್ಲಿ ಝರ್ರ್ ಶುರುವಾಗಿ, ಏದುಸಿರು ಬಿಟ್ಟು, ನಡುವೆಯೇ ನಿಂತಿತು. 60, 125ರಲ್ಲಿ ಮಾತ್ರ ಚುರುಕಾಗಿತ್ತು. ಇದರ ಅರ್ಥ ಸ್ಪಷ್ಟ. ಶಟರಿನ ಸ್ಪ್ರಿಂಗ್ ಜೀವಂತವಾಗಿದೆ, ನಿಧಾನ ವೇಗಗಳನ್ನು ಅಳೆದುಕೊಡುವ ಹಲ್ಲಿನ ಚಕ್ರಗಳು ಹಿಡಿದುಕೊಂಡಿವೆ. ಗೋಡೆ ಗಡಿಯಾರದಲ್ಲಿರುವಂಥದ್ದೇ ಚಕ್ರಗಳ ಸಾಲು, ಕೊನೆಯಲ್ಲಿ ಅತ್ತಿತ್ತ ಆಡುವ ಒಂದು ಪುಟ್ಟ ಕೊಕ್ಕೆ. ನಲವತ್ತು ವರ್ಷದ ಹಿಂದೆ ಕಾರ್ಖಾನೆಯಲ್ಲಿ ಹಚ್ಚಿದ ಎಣ್ಣೆ ಅಲ್ಲಿ ಅಂಟಾಗಿರುತ್ತದೆ. ಲೋಹ ಸವೆದು ಸತ್ತ ಯಾಶಿಕಾಗಳನ್ನು ನಾನು ಕಂಡಿರುವುದು ಕಡಿಮೆ. ಬಹುಪಾಲು ಈ ಅಂಟಿಗೇ ಸಿಕ್ಕಿ ನಿಂತವು.

ಮುಂಭಾಗದ ಕಪ್ಪು ಹೊದಿಕೆಯನ್ನು ಅಂಚಿನಿಂದ ಮೆಲ್ಲಗೆ ಸುಲಿದರೆ ಅದರಡಿ ಸ್ಕ್ರೂಗಳು ಸಿಗುತ್ತವೆ. ಇಲ್ಲಿ ಒಂದು ಎಚ್ಚರಿಕೆ: ಜಪಾನಿನ ನಾಲ್ಕು ಗೀರಿನ ಸ್ಕ್ರೂ ನಮ್ಮ ಹಾರ್ಡ್‌ವೇರ್ ಅಂಗಡಿಯ ಸ್ಟಾರ್ ಸ್ಕ್ರೂ ಡ್ರೈವರಿಗೆ ಸರಿಯಾಗಿ ಕೂರುವುದಿಲ್ಲ. ಕೂರದೆ ಜಾರಿ, ತಲೆಯನ್ನೇ ಕೆತ್ತಿಹಾಕುತ್ತದೆ. ಜೆಐಎಸ್ ಗುರುತಿನದನ್ನೇ ಕೊಳ್ಳಿ. ಒಮ್ಮೆ ತಲೆ ಕೆಟ್ಟ ಸ್ಕ್ರೂ ಇಡೀ ಕೆಲಸವನ್ನು ಅಲ್ಲಿಗೇ ನಿಲ್ಲಿಸಬಲ್ಲದು.

ತಗಡು ಎತ್ತಿ ನೋಡಿದಾಗ ಮನಸ್ಸಿಗೆ ಬೇಸರವಾಯಿತು. ಶಟರಿನ ತೆಳು ರೆಕ್ಕೆಗಳ ಮೇಲೆ ಹಳದಿ ಎಣ್ಣೆಯ ಪೊರೆ. ಹಿಂದೆ ಯಾರೋ ರಿಪೇರಿಯವರು "ಸ್ವಲ್ಪ ಜಾಮ್ ಆಗಿದೆ" ಎಂದು ಹೊಲಿಗೆ ಯಂತ್ರದ ಎಣ್ಣೆ ಬಿಟ್ಟಿದ್ದರು. ಬಿಟ್ಟ ದಿನ ಅದು ಓಡಿರುತ್ತದೆ, ಕೊಟ್ಟವರಿಗೆ ಖುಷಿಯೂ ಆಗಿರುತ್ತದೆ. ಎಣ್ಣೆ ಹರಿಯುತ್ತದೆ. ಹರಿದು ರೆಕ್ಕೆಗಳ ನಡುವೆ ಸೇರಿದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಒದ್ದೆ ಹಾಳೆ ಅಂಟಿದ ಹಾಗೆ. ಶಟರಿನ ರೆಕ್ಕೆ ಒಣಗಿರಬೇಕು, ಪೂರ್ತಿ ಒಣಗಿರಬೇಕು. ಈ ಒಂದು ಮಾತಿಗಾಗಿಯೇ ಈ ವಾರದ ಅಂಕಣ ಬರೆಯುತ್ತಿದ್ದೇನೆ. ಹಳೆಯ ಕ್ಯಾಮೆರಾಕ್ಕೆ ಬೇಕಿರುವುದು ತೊಳೆಯುವುದು, ಎಣ್ಣೆಯಲ್ಲ.

ತೊಳೆಯಲು ಸಿಗರೇಟ್ ಲೈಟರಿಗೆ ತುಂಬುವ ನಾಫ್ತಾ ಸಾಕು. ಕಿಟಕಿ ತೆರೆದಿರಲಿ, ಒಲೆ ಆರಿರಲಿ. ಸಣ್ಣ ಕುಂಚದ ತುದಿಯಿಂದ ಚಕ್ರಗಳ ಮೇಲೆ ಒಂದೊಂದೇ ಹನಿ ಇಟ್ಟು, ಶಟರನ್ನು ಮೂವತ್ತು ನಲವತ್ತು ಸಲ ಓಡಿಸಿ, ಕರಗಿ ಬಂದ ಕೊಳೆಯನ್ನು ಹತ್ತಿಯ ಕಡ್ಡಿಯಲ್ಲಿ ಒರೆಸಿ, ಒಣಗಲು ಬಿಡಬೇಕು. ನಾಫ್ತಾ ಸುರಿದರೆ ಕೊಳೆ ಮತ್ತೆ ರೆಕ್ಕೆಗಳಿಗೇ ಹೋಗಿ ಕೂರುತ್ತದೆ. ನನಗೆ ಮೂರು ಸಂಜೆ ಹಿಡಿಯಿತು. ಮೂರನೆಯ ಸಂಜೆ ಝರ್ರ್ ಸದ್ದು ಎಲ್ಲೂ ತಡೆಯದೆ ಕೊನೆ ಮುಟ್ಟಿತು. ಎಷ್ಟು ಸಲ ಕೇಳಿದರೂ ಆ ಸದ್ದು ನನಗೆ ಹಳತಾಗಿಲ್ಲ. ಸೆಲ್ಫ್ ಟೈಮರನ್ನು ಮಾತ್ರ ನಾನು ಮುಟ್ಟಲಿಲ್ಲ, ನೀವೂ ಮುಟ್ಟಬೇಡಿ. ಅದಕ್ಕೆ ಬೇರೆಯದೇ ಚಕ್ರಗಳಿವೆ, ಅವು ನಡುವೆ ಹಿಡಿದುಕೊಂಡರೆ ಶಟರೂ ಅದರ ಜೊತೆಗೇ ನಿಲ್ಲುತ್ತದೆ.

ಕಿವಿಯ ತೀರ್ಪಿಗೆ ಸಾಕ್ಷಿ ಬೇಕಲ್ಲ. ಫೋನಿನ ಸ್ಲೋ ಮೋಷನ್ ವಿಡಿಯೋ ಸೆಕೆಂಡಿಗೆ 240 ಫ್ರೇಮ್ ಹಿಡಿಯುತ್ತದೆ. ಶಟರಿನ ಹಿಂದೆ ಬೆಳಕಿಟ್ಟು ಚಿತ್ರಿಸಿ, ತೆರೆದ ಫ್ರೇಮುಗಳನ್ನು ಎಣಿಸಿ. 1 ಸೆಕೆಂಡಿಗೆ 240 ಬರಬೇಕು, 60ಕ್ಕೆ ನಾಲ್ಕು. ಅದಕ್ಕಿಂತ ವೇಗವಾದುದಕ್ಕೆ ಈ ಉಪಾಯ ಒದಗುವುದಿಲ್ಲ.

ಮಲೆನಾಡಿನ ಕ್ಯಾಮೆರಾ ಅಂದಮೇಲೆ ಫಂಗಸ್ ಇಲ್ಲದಿರುತ್ತದೆಯೇ? ಲೆನ್ಸಿನ ಒಳಗೆ ಜೇಡರ ಬಲೆಯಂಥ ಬಿಳಿ ಎಳೆ. ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಅಮೋನಿಯಾ ಬೆರೆಸಿ, ಆಗಿನದಾಗಲೇ ಒರೆಸಿದಾಗ ಎಳೆಗಳು ಹೋದವು. ಒಂದು ಮೂಲೆಯಲ್ಲಿ ಅದು ಗಾಜಿನ ಲೇಪವನ್ನೇ ತಿಂದಿತ್ತು, ಆ ಗುರುತು ಹೋಗಲಿಲ್ಲ. ಇದಕ್ಕೆ ಕಾರಣ ಚರ್ಮದ ಕವರು. ಅಜ್ಜ ಜೋಪಾನವಾಗಿರಲೆಂದು ಕವರಿನೊಳಗೇ ಇಟ್ಟಿದ್ದರು, ಚರ್ಮ ಪ್ರತಿ ಮಳೆಗಾಲವೂ ತೇವ ಕುಡಿದು ಲೆನ್ಸಿಗೆ ಉಣಿಸಿತು. ಹಪ್ಪಳದ ಡಬ್ಬಿಯನ್ನು ಎಷ್ಟು ಬಿಗಿಯಾಗಿ ಮುಚ್ಚುತ್ತೀರೋ ಅಷ್ಟೇ ಬಿಗಿಯಾದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಒಳಗಿನ ಕನ್ನಡಿಗೆ ಗಾಳಿ ಊದಿದರೆ ಸಾಕು. ಅದರ ಬೆಳ್ಳಿ ಲೇಪ ಮೇಲ್ಮೈಯಲ್ಲೇ ಇದೆ, ಬಟ್ಟೆ ತಾಗಿಸಿದರೆ ಎದ್ದುಬರುತ್ತದೆ.

ಹಿಂಬಾಗಿಲಿನ ಸ್ಪಂಜು ಡಾಂಬರಿನಂತೆ ಕರಗಿತ್ತು. ಐಸ್ ಕ್ರೀಮ್ ಕಡ್ಡಿಯಿಂದ ಕೆರೆದು, ಸ್ಪಿರಿಟ್ಟಿನಲ್ಲಿ ಒರೆಸಿ, ಕಪ್ಪು ಉಣ್ಣೆ ನೂಲು ಕೂರಿಸಿದೆ. ಬೆಳಕು ಸೋರುವುದು ನಿಂತಿತು. ಮೀಟರಿಗೆ ಬೇಕಾದ 1.35 ವೋಲ್ಟಿನ ಪಾದರಸದ ಬ್ಯಾಟರಿ ಈಗ ತಯಾರಾಗುವುದಿಲ್ಲ. ಅದೇ ಗಾತ್ರದ 1.5 ವೋಲ್ಟಿನದು ಹಾಕಿದರೆ ಮುಳ್ಳು ಸುಳ್ಳು ಹೇಳುತ್ತದೆ. ಹಿಯರಿಂಗ್ ಏಡಿನ 675 ಬ್ಯಾಟರಿ ಹತ್ತಿರ ಬರುತ್ತದೆ, ಒಂದು ಬಳೆ ಸುತ್ತಿದರೆ ಕೂರುತ್ತದೆ. ಆದರೆ ಮೀಟರ್ ಇಲ್ಲದೆಯೂ ನಡೆಯುತ್ತದೆ. ರೀಲಿನ ಡಬ್ಬಿಯೊಳಗಿನ ಚೀಟಿಯಲ್ಲಿ ಸೂರ್ಯ, ಮೋಡದ ಚಿತ್ರ ಬರೆದಿರುತ್ತಿತ್ತು. ನಮ್ಮ ಬಿಸಿಲಿಗೆ, ನೂರು ಎಎಸ್‌ಎ ರೀಲಿಗೆ, ಅಪರ್ಚರ್ 16, ವೇಗ 125. ಹಳೆಯ ಸ್ಟುಡಿಯೋದವರಿಗೆ ಅದು ಬಾಯಿಪಾಠ.

ಆ ಕಾಲದಲ್ಲಿ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ರೀಲು ಬರುತ್ತಿತ್ತು. ಆ ಕಾರ್ಖಾನೆ ಮುಚ್ಚಿತು. ನಾನು ಇಲ್ಫೋರ್ಡ್ ಹಾಕಿ, ಮನೆಯಲ್ಲೇ ತೊಳೆದೆ. ಹನ್ನೆರಡರಲ್ಲಿ ಹನ್ನೊಂದು ಬಂದವು. ಒಂದು ನನ್ನ ಕೈ ಅಲುಗಿ ಹೋಯಿತು. ಲೇಪ ಹೋದ ಆ ಮೂಲೆಯ ಗುರುತು ಯಾವ ಚಿತ್ರದಲ್ಲೂ ಕಾಣಲಿಲ್ಲ.

ಇಂಥ ಕ್ಯಾಮೆರಾ ನಿಮ್ಮ ಮನೆಯ ಕಪಾಟಿನಲ್ಲೂ ಇದ್ದರೆ ದಯವಿಟ್ಟು ಆತುರದಲ್ಲಿ ಹಿಂಬಾಗಿಲು ತೆಗೆಯಬೇಡಿ. ಪಕ್ಕದ ಪುಟ್ಟ ಕಿಂಡಿಯಲ್ಲಿ ಅಂಕಿ ಕಾಣುತ್ತಿದೆಯೇ ಮೊದಲು ನೋಡಿ. ಬಾಗಿಲು ತೆಗೆದರೆ ಆ ಎಣಿಕೆ ಮತ್ತೆ ಮೊದಲಿಗೆ ಹೋಗುತ್ತದೆ. ಐದೋ ಏಳೋ ಕಂಡರೆ ಒಳಗೆ ಅರ್ಧಕ್ಕೆ ನಿಂತ ರೀಲು ಇರಬಹುದು. ಪೂರ್ತಿ ಕತ್ತಲೆ ಮಾಡಿದ ಕೋಣೆಯಲ್ಲೇ ತೆಗೆಯಿರಿ. ಯಾರದೋ ಧಾರೆಯ ಚಿತ್ರ ಅದರಲ್ಲಿ ಇನ್ನೂ ತೊಳೆಯದೆ ಕೂತಿರಬಹುದು.