ಅತ್ತೆ ಎಂದು ಬರೆದರೆ ಸಾಕೆ?

ಜಪಾನಿನ ಅನಿಮೆ ಚಿತ್ರಗಳ ಬಗ್ಗೆ ಬರೆಯುವವರಲ್ಲಿ ಎರಡು ಪಂಗಡಗಳಿವೆ. ಒಂದು ಪಂಗಡಕ್ಕೆ ಅದು ಮಕ್ಕಳನ್ನು ಸುಮ್ಮನೆ ಕೂರಿಸುವ ಕಾರ್ಟೂನು. ಬರೆದರೂ ಕಾಲು ಪುಟ. ಇನ್ನೊಂದಕ್ಕೆ ಅದೇ ಪ್ರಾಣ. ಇವರು ಕಥೆಯನ್ನು ಮೊದಲಿಂದ ಹೇಳುತ್ತಾ ಬಂದು, ‘ನೋಡಿ ಅತ್ತೆ, ನೀವೂ ನೋಡಿ’ ಎಂದು ಮುಗಿಸಿ, ಹತ್ತಕ್ಕೆ ಒಂಬತ್ತೂವರೆ ಅಂಕ ಕೊಡುತ್ತಾರೆ. ಮೂವತ್ತು ವರ್ಷ ಅಂಕ ಕೊಟ್ಟೇ ಬದುಕಿದವಳು ನಾನು. ಆ ಅರ್ಧ ಅಂಕವನ್ನು ಎಲ್ಲಿ ಕಳೆದರು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

1988ರಲ್ಲಿ ಇಸಾವೊ ತಕಾಹಾತ ನಿರ್ದೇಶಿಸಿದ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ ಚಿತ್ರವನ್ನೇ ತೆಗೆದುಕೊಳ್ಳಿ. ಮಿಂಚುಹುಳುಗಳ ಗೋರಿ ಎಂದರ್ಥ. ಅಕಿಯುಕಿ ನೊಸಾಕ 1967ರಲ್ಲಿ ಬರೆದ ಕಥೆ ಇದಕ್ಕೆ ಆಧಾರ. ಯುದ್ಧದ ಕೊನೆಯ ದಿನಗಳಲ್ಲಿ ಅವರೂ ಪುಟ್ಟ ತಂಗಿಯನ್ನು ಹಸಿವಿಗೆ ಕಳೆದುಕೊಂಡವರು. 1945ರಲ್ಲಿ ಅಮೆರಿಕದ ವಿಮಾನಗಳು ಕೋಬೆ ನಗರವನ್ನು ಸುಡುತ್ತವೆ. ತಾಯಿ ಸಾಯುತ್ತಾಳೆ. ಹದಿನಾಲ್ಕರ ಸೆಯ್ತಾ, ನಾಲ್ಕು ವರ್ಷದ ಸೆತ್ಸುಕೊ ದೂರದ ಸಂಬಂಧದ ಅತ್ತೆಯ ಮನೆ ಸೇರಿ, ಮನಸ್ತಾಪವಾಗಿ, ಕೊಳದ ದಂಡೆಯ ಹಾಳು ಆಸರೆಯೊಂದಕ್ಕೆ ಹೋಗುತ್ತಾರೆ. ಮೊದಲು ತಂಗಿ, ಆಮೇಲೆ ಅಣ್ಣ. ಕೊನೆ ಹೇಳಿಬಿಟ್ಟಳಲ್ಲ ಎಂದು ಮಕ್ಕಳು ನನ್ನ ಮೇಲೆ ಮುನಿಯುವಂತಿಲ್ಲ. ಹುಡುಗ ಸೆಪ್ಟೆಂಬರ್ 21ರ ರಾತ್ರಿ ಸತ್ತನೆಂದು ಚಿತ್ರ ಶುರುವಾಗುತ್ತಲೇ ತಿಳಿಸಿಬಿಡುತ್ತದೆ. ಮುಂದೇನು ಎಂಬ ಕುತೂಹಲವನ್ನು ನಿರ್ದೇಶಕರೇ ಕಿತ್ತು ಹಾಕಿದ ಮೇಲೆ ಅದನ್ನು ಗುಟ್ಟೆಂದು ಕಾಯುವ ವಿಮರ್ಶೆ ಏನನ್ನು ನೋಡಿತು?

ಬಹಳ ಜನ ನೋಡುವುದು ‘ಯುದ್ಧ ಕೆಟ್ಟದ್ದು’ ಎಂಬುದನ್ನು. ಇದನ್ನು ಯುದ್ಧವಿರೋಧಿ ಚಿತ್ರವಾಗಿ ಮಾಡಿದ್ದಲ್ಲ ಎಂದು ತಕಾಹಾತರೇ ಹೇಳಿದ್ದರು. ಇನ್ನು ಕೆಲವರು ಅತ್ತೆಯನ್ನು ಬೈದು ಕೈತೊಳೆದುಕೊಳ್ಳುತ್ತಾರೆ. ಕನ್ನಡದಲ್ಲಿ ‘ಅತ್ತೆ’ ಎಂದರೆ ಅಳುವೂ ಹೌದು, ಸಂಬಂಧವೂ ಹೌದು. ಈ ಚಿತ್ರದ ವಿಮರ್ಶೆಗಳು ಇವೆರಡರ ಆಚೆ ಹೋಗುವುದು ಅಪರೂಪ. ಆಕೆ ಕಟುಕಿ, ನಿಜ. ಆದರೆ ಅಳೆದು ಉಣ್ಣುವ ಕಾಲ; ಮನೆಯವರೆಲ್ಲ ದುಡಿಯುವಾಗ ಹುಡುಗ ಕೆಲಸಕ್ಕೂ ಹೋಗದೆ ಮನೆಯಲ್ಲೇ ಇರುತ್ತಾನೆ. ಅತ್ತೆಯ ಕ್ಷಮೆ ಕೇಳಿ ಹಿಂದಕ್ಕೆ ಹೋಗೆಂದು ರೈತನೊಬ್ಬ ಬುದ್ಧಿ ಹೇಳುತ್ತಾನೆ. ಹೋಗುವುದಿಲ್ಲ. ತಾಯಿಯ ಏಳು ಸಾವಿರ ಯೆನ್ ಬ್ಯಾಂಕಿನಲ್ಲಿತ್ತು. ಉಳಿದ ಮೂರು ಸಾವಿರವನ್ನು ತೆಗೆಯುವ ಹೊತ್ತಿಗೆ ತಂಗಿ ಕೈಮೀರಿದ್ದಾಳೆ. ಹದಿನಾಲ್ಕು ವರ್ಷದವನ ಅಭಿಮಾನವನ್ನು ನಾವು ತಪ್ಪೆನ್ನಬೇಕೋ ಬೇಡವೋ? ಈ ಪ್ರಶ್ನೆಯ ಹತ್ತಿರ ಸುಳಿಯದೆ ಬರೆದದ್ದು ವಿಮರ್ಶೆಯಲ್ಲ, ಕರ್ಚೀಫು ಒದ್ದೆಯಾದ ವರದಿ.

ಹಾಗಾದರೆ ಅನಿಮೆಗೇ ವಿಶೇಷವಾದದ್ದೇನು? ಕ್ಯಾಮೆರಾ ಇಟ್ಟು ತೆಗೆದ ಸಿನಿಮಾದಲ್ಲಿ ಗಾಳಿ ಬೀಸಿದರೆ ಮರ ಪುಕ್ಕಟೆಯಾಗಿ ಅಲ್ಲಾಡುತ್ತದೆ. ಇಲ್ಲಿ ಹಾಗಿಲ್ಲ, ಯಾರೋ ಕೂತು ಬರೆದರಷ್ಟೇ ಎಲೆಯೊಂದು ಅಲುಗೀತು. ಆದ್ದರಿಂದ ಕೇಳಬೇಕಾದ ಮೊದಲ ಮಾತು: ಇದನ್ನೇಕೆ ಬರೆದರು? ಪೆಪ್ಪರಮೆಂಟು ಮುಗಿದ ಡಬ್ಬಿಗೆ ನೀರು ಹಾಕಿ ಕಲಕಿ ತಂಗಿಗೆ ಕುಡಿಸುವುದನ್ನು ಅಷ್ಟು ನಿಧಾನವಾಗಿ ಏಕೆ ತೋರಿಸಿದರು? ಮನುಷ್ಯರ ಹೊರಗೆರೆಗೆ ಎಂದಿನ ಕಪ್ಪಿನ ಬದಲು ಕಂದುಬಣ್ಣ ಬಳಸಿದ್ದಾರೆ, ಮುಖಗಳು ಮೆತ್ತಗಾಗುತ್ತವೆ. ಜಪಾನಿನಲ್ಲಿ ಚಿತ್ರ ಮುಗಿದ ಮೇಲೆ ಧ್ವನಿ ಸೇರಿಸುವುದು ರೂಢಿ. ಸೆತ್ಸುಕೊಳ ಮಟ್ಟಿಗೆ ಪುಟ್ಟ ಹುಡುಗಿಯೊಬ್ಬಳಿಂದ ಮೊದಲು ಮಾತಾಡಿಸಿ, ಆ ತೊದಲಿಗೆ ತಕ್ಕಂತೆ ಬಾಯಿ ಬರೆದರು. ಮಗು ಮಗುವಿನಂತೆಯೇ ಮಾತಾಡುತ್ತದೆ ಎಂದು ಮೆಚ್ಚುವವರು ಇಷ್ಟನ್ನಾದರೂ ತಿಳಿದಿರಬೇಡವೆ?

ಚಿತ್ರ ಅಲ್ಲಲ್ಲಿ ನಿಂತುಬಿಡುತ್ತದೆ ಎಂದು ಆಕ್ಷೇಪಿಸುವವರಿಗೂ ಒಂದು ಮಾತು. 1963ರಲ್ಲಿ ಒಸಾಮು ತೆಜುಕಾ ‘ಆಸ್ಟ್ರೊ ಬಾಯ್’ ಧಾರಾವಾಹಿಯನ್ನು ವಾರಕ್ಕೊಂದು ಕಂತಿನಂತೆ ಟಿವಿಗೆ ಒದಗಿಸಲು ಚಿತ್ರಗಳ ಸಂಖ್ಯೆಯನ್ನೇ ಇಳಿಸಿದರು. ಸೆಕೆಂಡಿಗೆ ಓಡುವುದು 24 ಫ್ರೇಮು. ಒಂದೊಂದು ಚಿತ್ರವನ್ನು ಮೂರು ಫ್ರೇಮು ನಿಲ್ಲಿಸಿದರೆ ಎಂಟೇ ಸಾಕು. ಬಡತನದ ಉಪಾಯ ಮುಂದೆ ಒಂದು ಶೈಲಿಯಾಯಿತು. ಎಲ್ಲಿ ಅದು ಜಿಪುಣತನ, ಎಲ್ಲಿ ಬೇಕೆಂದೇ ಇಟ್ಟ ಮೌನ ಎಂದು ಬೇರ್ಪಡಿಸುವುದು ಬರೆಯುವವರ ಕೆಲಸ. ಅಮೆರಿಕದ ವಿಮರ್ಶಕ ರೋಜರ್ ಈಬರ್ಟ್ 2000ದಲ್ಲಿ ಈ ಚಿತ್ರವನ್ನು ತಮ್ಮ ಶ್ರೇಷ್ಠ ಸಿನಿಮಾಗಳ ಸಾಲಿಗೆ ಸೇರಿಸಿದರು. ನಿಜವಾದ ನಟರಿಲ್ಲದ್ದರಿಂದಲೇ ನಮ್ಮ ಕಲ್ಪನೆಗೆ ಹೆಚ್ಚು ಎಡೆ ಸಿಕ್ಕಿದೆ ಎಂಬುದು ಅವರ ವಾದ.

ನಮ್ಮ ಶಾಲೆಯ ಭಿತ್ತಿಪತ್ರಿಕೆಗೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಇದೇ ಚಿತ್ರದ ಬಗ್ಗೆ ಬರೆದು ತಂದಳು. ಓದಿಗಾಗಿ ಸೋದರಮಾವನ ಮನೆಯಲ್ಲಿರುವವಳು. ಕಥೆ ಹೇಳಿರಲಿಲ್ಲ, ಅತ್ತದ್ದನ್ನೂ ಹೇಳಿರಲಿಲ್ಲ. ಇಡೀ ಒಂದು ಪುಟ ಅತ್ತೆಯ ಸೌಟಿನ ಮೇಲೆ: ದುಡಿಯುವವರಿಗೆ ಪಾತ್ರೆಯ ತಳದಿಂದ ಗಟ್ಟಿ, ಈ ಇಬ್ಬರಿಗೆ ಮೇಲಿನ ತಿಳಿ, ಆಕೆ ಬಾಯಲ್ಲಿ ಏನೂ ಅನ್ನುವ ಮೊದಲೇ ಸೌಟು ಹೇಳಿಬಿಟ್ಟಿತ್ತು ಎಂದು. ಅದನ್ನು ಒಂದಕ್ಷರ ತಿದ್ದದೆ ಅಂಟಿಸಿದೆ.

ಅವಳೊಡನೆ ನನಗೊಂದು ಜಗಳ ಇನ್ನೂ ಉಳಿದಿದೆ. ತಂಗಿ ಸತ್ತ ಮೇಲೆ ಕೊಳದಾಚೆಯ ಬಂಗಲೆಗೆ ಶ್ರೀಮಂತ ಹುಡುಗಿಯರು ಮರಳಿ ಬಂದು ಗ್ರಾಮಫೋನಿನಲ್ಲಿ ‘ಹೋಮ್ ಸ್ವೀಟ್ ಹೋಮ್’ ಹಾಕುತ್ತಾರೆ. ಆ ಹಾಡಿನ ಮೇಲೆ ಸೆತ್ಸುಕೊ ಒಬ್ಬಳೇ ಆಡಿಕೊಂಡಿದ್ದ ನೋಟಗಳು ಒಂದರ ಹಿಂದೊಂದು ಬರುತ್ತವೆ. ಹಲವರು ಕೊಂಡಾಡುವ ಭಾಗ. ಅಷ್ಟು ಹೊತ್ತು ಬಿಗಿಹಿಡಿದಿದ್ದ ತಕಾಹಾತ ಇಲ್ಲಿ ನಮ್ಮ ಕಣ್ಣಿಗೆ ಈರುಳ್ಳಿ ಹಿಂಡಿದರೆಂದೇ ನನ್ನ ಅಭಿಪ್ರಾಯ. ಕಳೆದ ಅರ್ಧ ಅಂಕ ಇದಕ್ಕೇ ಹೋಗಲಿ. ಹುಡುಗಿ ಒಪ್ಪುವುದಿಲ್ಲ. “ಅಣ್ಣ ಹೊರಗೆ ಹೋದಾಗ ಅವಳು ಒಬ್ಬಳೇ ಏನು ಮಾಡ್ತಿದ್ಲು ಅಂತ ಅಲ್ಲೀವರೆಗೂ ತೋರಿಸೇ ಇಲ್ವಲ್ಲ ಮಿಸ್. ಅಣ್ಣನಿಗೂ ಗೊತ್ತಿರ್ಲಿಲ್ಲ,” ಎನ್ನುತ್ತಾಳೆ. ಅದನ್ನೂ ಬರೆದುಕೊಂಡು ಬಾ ಎಂದಿದ್ದೇನೆ.