ಅಧಿಮಂಥಪದದ ಅರ್ಥವಿಚಾರ

ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ನಿರೂಪಿತವಾಗಿರುವ ‘ಅಧಿಮಂಥ’ವೆಂಬ ನೇತ್ರರೋಗಕ್ಕೆ ‘ಗ್ಲಾಕೋಮಾ’ ಎಂದು ಅರ್ಥ ಹೇಳುವುದು ಈಚೆಗೆ ರೂಢಿಯಾಗಿದೆ. ಆ ರೋಗಕ್ಕೆ ಸಿರಾವ್ಯಧವು ವಿಹಿತವಾಗಿರುವುದರಿಂದ, ಕಣ್ಣಿನ ಸಿರೆಗಳ ಒತ್ತಡವೇರಿ ಹುಟ್ಟುವ ಗ್ಲಾಕೋಮಾದ ಶಸ್ತ್ರಚಿಕಿತ್ಸೆಯೂ ಪ್ರಾಚೀನರಿಗೆ ತಿಳಿದಿತ್ತೆಂಬ ಊಹೆಗೆ ಇದು ಎಡೆಗೊಡುತ್ತದೆ. ಈ ಅರ್ಥನಿರ್ಣಯವು ವಿಚಾರಾರ್ಹವಾದುದು.

ಸಾಮ್ಯವೇ ಇಲ್ಲವೆಂದಲ್ಲ. ಕಣ್ಣು ಕಿತ್ತಂತೆಯೂ ಕಡೆದಂತೆಯೂ ಆಗುವ ನೋವು, ಅರ್ಧತಲೆಯ ವೇದನೆ, ಉಪೇಕ್ಷಿಸಿದರೆ ಕೆಲವೇ ದಿನಗಳಲ್ಲಿ ದೃಷ್ಟಿನಾಶ: ಈ ಲಕ್ಷಣಗಳು ಥಟ್ಟನೆ ಒತ್ತಡವೇರುವ ಗ್ಲಾಕೋಮಾಕ್ಕೆ ಹೊಂದುತ್ತವೆ. ಆದರೆ ಗ್ಲಾಕೋಮಾದ ಬಹುಪಾಲು ನೋವಿಲ್ಲದೆ, ರೋಗಿಯ ಅರಿವಿಗೆ ಬಾರದೆ, ವರ್ಷಗಟ್ಟಲೆ ಬೆಳೆಯತಕ್ಕದ್ದು. ಮಂಥನಾರ್ಥದ ಪದಕ್ಕೆ ಅಲ್ಲಿ ಅವ್ಯಾಪ್ತಿದೋಷ ಬರುವುದು.

ಇನ್ನು ಸಿರೆಯ ವಿಷಯ. ಮಳೆಗಾಲದಲ್ಲಿ ಕಳಸದ ಬಳಿ ಭದ್ರೆಯು ತುಂಬಿ ಹರಿಯುವಾಗ, ಅದನ್ನು ಸೇರಬೇಕಾದ ಹಳ್ಳದ ನೀರು ಹಿಂದೊತ್ತಿ ಗದ್ದೆಗೆ ನುಗ್ಗುವುದುಂಟು. ಹಳ್ಳದಲ್ಲಿ ಕಸ ಕಟ್ಟಿಲ್ಲ. ಹೊಳೆಯ ಮಟ್ಟವೇ ಏರಿದೆ. ಕಣ್ಣೊಳಗಿನ ದ್ರವವೂ ಹಾಗೆಯೇ ಹೊರಪದರದ ಸಿರೆಗಳಿಗೆ ಹರಿದು ಸೇರುತ್ತದೆ. ಆ ಸಿರೆಗಳ ಸಹಜವಾದ ಒತ್ತಡ ಪಾದರಸದ ಸುಮಾರು 8ರಿಂದ 10 ಮಿಲಿಮೀಟರು. ಕಣ್ಣಿನ ಹಿಂದೆ ಧಮನಿಯ ರಕ್ತವು ಸಿರೆಗೆ ನುಗ್ಗುವುದೇ ಮೊದಲಾದ ಕಾರಣಗಳಿಂದ ಅದು ಏರಿದರೆ ಕಣ್ಣಿನ ಒತ್ತಡವೂ ಏರುವುದು. ಸಾಧ್ಯವಾದಲ್ಲಿ ಮೂಲಕಾರಣವನ್ನೇ ಮೊದಲು ನಿವಾರಿಸಬೇಕು. ಅದು ಸಾಲದಿದ್ದರೆ ಶಸ್ತ್ರವೈದ್ಯರು ದ್ರವಕ್ಕೆ ಬೇರೆ ದಾರಿ ಮಾಡುತ್ತಾರೆ. ಮದರಾಸಿನಲ್ಲಿ ಎಲಿಯಟ್ 1909ರಲ್ಲಿ ಆರಂಭಿಸಿದ ರಂಧ್ರಕ್ರಿಯೆಯೂ, 1968ರಲ್ಲಿ ಕೇರ್ನ್ಸ್ ಪ್ರಕಟಿಸಿದ ಟ್ರೆಬೆಕ್ಯುಲೆಕ್ಟಮಿಯೂ ಈ ಜಾತಿಯವು. ಆದರೆ ಸಿರೆಗಳು ಉಬ್ಬಿರುವ ಕಣ್ಣಿನಲ್ಲಿ ಒತ್ತಡವು ಒಮ್ಮೆಲೇ ಇಳಿದರೆ ಒಳಪದರವು ಊದುವ, ರಕ್ತ ಸೋರುವ ಅಪಾಯವುಂಟಾದುದರಿಂದ ಇಲ್ಲಿ ವಿಶೇಷವಾದ ಎಚ್ಚರ ಬೇಕು.

ಸುಶ್ರುತನ ಸಿರಾವ್ಯಧಕ್ಕೆ ಈ ಆಶಯವುಂಟೇ? ಶಾರೀರಸ್ಥಾನವು ಅಧಿಮಂಥಕ್ಕೆ ವಿಧಿಸುವ ಮೂಗಿನ ಬದಿಯ, ಹಣೆಯ, ಕಡೆಗಣ್ಣಿನ ಸಿರೆಗಳನ್ನೇ ತಿಮಿರ, ಅಕ್ಷಿಪಾಕ ಮೊದಲಾದ ರೋಗಗಳಿಗೂ ವಿಧಿಸುತ್ತದೆ. ಎಲ್ಲಕ್ಕೂ ಸಮಾನವಾದ ವಿಧಿಯು ಒಂದು ರೋಗದ ವಿಶೇಷಕಾರಣವನ್ನು ಸಾಧಿಸಲಾರದು. ಅಲ್ಲಿಯ ಉದ್ದೇಶ ದುಷ್ಟರಕ್ತದ ನಿರ್ಹರಣ. ದ್ರವಕ್ಕೆ ಮಾರ್ಗ ಕಲ್ಪಿಸುವುದಲ್ಲ.

ಇದರಿಂದ ಸುಶ್ರುತನ ಗೌರವಕ್ಕೆ ಕುಂದಿಲ್ಲ. ಕಂಡ ವೇದನೆಗೆ ಅವನು ತಕ್ಕ ಹೆಸರನ್ನೇ ಇಟ್ಟನು. ದೋಷವು ಪದಕ್ಕೆ ಪದವನ್ನು ಗಂಟುಹಾಕುವ ವ್ಯಾಖ್ಯಾನದ್ದು. ಅದನ್ನು ನಂಬಿದ ಓದುಗನು, ನೋವಿಲ್ಲವಾದ್ದರಿಂದ ರೋಗವೂ ಇಲ್ಲವೆಂದು ಸುಮ್ಮನಿದ್ದರೆ, ಹೋದ ದೃಷ್ಟಿ ಮರಳಿ ಬಾರದು. ಆದುದರಿಂದ ಅಧಿಮಂಥವನ್ನು ಅಧಿಮಂಥವೆಂದೂ ಗ್ಲಾಕೋಮಾವನ್ನು ಗ್ಲಾಕೋಮಾವೆಂದೂ ಉಳಿಸಿ, ಸಾಮ್ಯವಿರುವಷ್ಟನ್ನು ಮಾತ್ರ ಟಿಪ್ಪಣಿಯಲ್ಲಿ ಸೂಚಿಸುವುದು ಯುಕ್ತ.